ಆಸ್ಟ್ರೇಲಿಯಾದ ಜಿನ್‌ಗೆ ಸುಮ್ನೆ ನಿಂಬೆ ಹಿಂಡಬೇಡಿ

ಗೆಳೆಯರೇ, ಇಲ್ಲಿನ ಕಾಡುಗಿಡಗಳ ಎಲೆ, ಕಾಯಿ ಹಾಕಿ ಮಾಡಿದ ಜಿನ್ ಎಂಬ ಮದ್ಯ ಕೊಂಡರೆ ಮೊದಲು ಒಂದು ಚಮಚದಷ್ಟನ್ನು ಐಸ್ ಇಲ್ಲದೆ ಲೋಟಕ್ಕೆ ಹಾಕಿ ಮೂಸಿ ನೋಡಿ. ತಣ್ಣಗಾದ ಮೇಲೆ ಪರಿಮಳ ಅಡಗುತ್ತದೆ.

ಮೆಲ್ಬರ್ನ್ ಹತ್ತಿರದ ಯಾರಾ ಕಣಿವೆಯ ಫೋರ್ ಪಿಲ್ಲರ್ಸ್ ರೇರ್ ಡ್ರೈ ಜಿನ್ ತಗೊಳ್ಳಿ. ಅದರಲ್ಲಿ ಲೆಮನ್ ಮರ್ಟಲ್ ಎಲೆ ಇದೆ. ಆ ಎಲೆಯನ್ನು ಕೈಯಲ್ಲಿ ಹಿಸುಕಿದರೆ ನಮ್ಮ ಮಜ್ಜಿಗೆ ಹುಲ್ಲಿನದೇ ವಾಸನೆ! ಜೊತೆಗೆ ಟಾಸ್ಮೇನಿಯಾದ ಪೆಪ್ಪರ್‌ಬೆರಿ ಎಂಬ ಖಾರದ ಗಿಡದ ಎಲೆ, ಏಲಕ್ಕಿ, ಇಡೀ ಕಿತ್ತಳೆ. ಇಷ್ಟೆಲ್ಲ ಇರುವಾಗ ಮೇಲೆ ನಿಂಬೆರಸ ಯಾಕೆ? ಒಂದು ಬಿಲ್ಲೆ ಕಿತ್ತಳೆ ಸಾಕು. ಒಂದು ಪಾಲು ಜಿನ್‌ಗೆ ಮೂರು ಪಾಲು ಟಾನಿಕ್ ವಾಟರ್ (ಕಹಿ ರುಚಿಯ ಸೋಡಾ) ಹಾಕಿ, ಅದಕ್ಕಿಂತ ಜಾಸ್ತಿ ಬೇಡ.

ಇಂಕ್ ಜಿನ್ ಆದರೆ ಕ್ರಮ ತಿರುಗಿಸಿ. ಅದರ ಕಡುನೀಲಿ ಬಣ್ಣ ನಮ್ಮ ಬೇಲಿ ಮೇಲೆ ಹಬ್ಬುವ ಶಂಖಪುಷ್ಪದ್ದು. ಮೊದಲು ಐಸ್, ಟಾನಿಕ್. ಆಮೇಲೆ ಜಿನ್ ಅನ್ನು ನಿಧಾನವಾಗಿ ಮೇಲಿಂದ ಬಿಡಿ. ಟಾನಿಕ್‌ನ ಹುಳಿ ತಾಗಿದ ಕಡೆಯೆಲ್ಲ ನೀಲಿ ಎಳೆಎಳೆಯಾಗಿ ಗುಲಾಬಿಗೆ ತಿರುಗುತ್ತದೆ. ನೋಡಲು ತುಂಬಾ ಚೆಂದ.

ಮಲೆನಾಡಿನವರು ಗ್ರೀನ್ ಆಂಟ್ ಜಿನ್ ರುಚಿ ನೋಡಲೇಬೇಕು. ಬಾಟಲಿಯೊಳಗೆ ಹಸಿರು ಇರುವೆಗಳೇ ತೇಲುತ್ತಿರುತ್ತವೆ. ಹೆದರಬೇಡಿ, ಅವು ನಮ್ಮ ಚಿಗಳಿಯ ಜಾತಿಯವೇ. ಚಿಗಳಿ ಚಟ್ನಿ ತಿಂದ ನಾಲಿಗೆಗೆ ಆ ಹುಳಿ ಗೊತ್ತೇ ಇರುತ್ತದೆ, ಅಲ್ವಾ?

ಊರಿಗೆ ಒಯ್ಯುವವರು ಗಮನಿಸಿ: ಭಾರತಕ್ಕೆ ಸುಂಕವಿಲ್ಲದೆ ಒಬ್ಬರಿಗೆ 2 ಲೀಟರ್ ಮಾತ್ರ. 700 ಮಿಲಿಯ ಬಾಟಲಿ ಆದರೆ ಎರಡೇ.