ದಿಬ್ಬ ಅಗೆಯುವಾಗ ಮಣ್ಣಿನ ಬಣ್ಣ ನೋಡಿ

ಮೊದಲೇ ಹೇಳಿಬಿಡುತ್ತೇನೆ, ಹಳೇ ದಿಬ್ಬವನ್ನು ನಾವು ನಾವೇ ಅಗೆಯುವ ಹಾಗಿಲ್ಲ. ಪುರಾತತ್ವ ಇಲಾಖೆಯ ಪರವಾನಗಿ ಇರುವ ತಂಡದ ಜೊತೆ ಮೊದಲ ಸಲ ಹೋಗುವವರಿಗೆ ಈ ಮಾತು.

ನಮ್ಮ ಬಳ್ಳಾರಿ ಕಡೆ ಸಂಗನಕಲ್ಲು, ಕುಡುತಿನಿ ಸುತ್ತ ಬೂದಿದಿಬ್ಬಗಳಿವೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅಂತಾರೆ. ಕಥೆ ಚೆನ್ನಾಗಿದೆ. ಆದರೆ ಈ ದಿಬ್ಬಗಳೆಲ್ಲ ನವಶಿಲಾಯುಗದವರು ದನದ ಸಗಣಿ ಗುಡ್ಡೆ ಹಾಕಿ, ಮತ್ತೆ ಮತ್ತೆ ಸುಟ್ಟು ಆದವು.

ಐದು ಮೀಟರಿಗೊಂದು ಗೂಟ ಹೊಡೆದು ದಾರ ಕಟ್ಟಿ. ಒಳಗೆ ನಾಲ್ಕು ಮೀಟರಿನ ಚೌಕ ಮಾತ್ರ ಅಗೆಯಿರಿ. ಆಗ ಎರಡು ಗುಂಡಿಗಳ ನಡುವೆ ಒಂದು ಮೀಟರಿನ ಗೋಡೆ ಉಳಿಯುತ್ತದೆ. ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಹೆಸರಿನಲ್ಲಿ ಪ್ರಸಿದ್ಧವಾದದ್ದೂ ಹೀಗೆ ಚೌಕ ಹಾಕುವ ಕ್ರಮವೇ. ಯಾವ ಪದರದ ಮೇಲೆ ಯಾವುದು ಕೂತಿದೆ ಅನ್ನೋದು ಆ ಗೋಡೆಯಲ್ಲೇ ಕಾಣೋದು. ಅದರ ಮೇಲೆ ಚಹಾ ಕುಡಿಯುತ್ತಾ ಕೂರಬೇಡಿ, ಅಂಚು ಕುಸಿಯುತ್ತದೆ.

ಗುದ್ದಲಿ ಮೇಲ್ಮಣ್ಣಿಗಷ್ಟೇ. ಆಮೇಲೆ ಕರಣೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ನೆಲ ಸವರಿ, ಸ್ವಲ್ಪ ನೀರು ಚಿಮುಕಿಸಿ ನೋಡಿ. ಬೂದಿ ಒಂದು ಬಣ್ಣ, ಓಡಾಡಿದ ನೆಲ ಇನ್ನೊಂದು. ಕೆಲವು ಕಡೆ ಬೂದಿ ಕರಗಿ ಕಿಟ್ಟದ ಹಾಗೆ ಗಟ್ಟಿಯಾಗಿರುತ್ತದೆ, ಅಲ್ಲಿ ಕರಣೆಯ ಸದ್ದೇ ಬೇರೆ.

ಇಲಿ ಬಿಲದ ಬಗ್ಗೆ ಮಾತ್ರ ಜಾಸ್ತಿ ಹುಷಾರು. ನಾನು ಹೊಸಬನಾಗಿದ್ದಾಗ ಒಂದು ಮೆತ್ತನೆ ದುಂಡು ಕಲೆಯನ್ನು ಸುಮ್ನೆ ಬಿಟ್ಟು ಮುಂದೆ ಹೋದೆ. ಮೇಲಿನ ಕಾಲದ ಕಪ್ಪು-ಕೆಂಪು ಮಡಕೆ ಚೂರು ಕೆಳಗಿನ ಪದರದ ಚೀಲ ಸೇರಿತು. ಜೊತೆಯಲ್ಲಿದ್ದ ಹಿರಿಯ ಕೂಲಿಯವರು ನಕ್ಕರು: "ಏನ್ರೀ ಸರ, ಇಲಿ ಹೇಳಿದ್ದು ಬರ್ಕೊಂಡ್ರೇನು?" ಎರಡು ದಿನದ ಚೀಲಗಳನ್ನು ಪಕ್ಕಕ್ಕಿಡಬೇಕಾಯಿತು. ಕಲೆ ಕಂಡರೆ ಅದನ್ನೇ ಮೊದಲು ಖಾಲಿ ಮಾಡಿ, ಆ ಮಣ್ಣಿಗೆ ಬೇರೆ ಚೀಲ, ಬೇರೆ ಚೀಟಿ.

ತೆಗೆದ ಮಣ್ಣನ್ನು ಜರಡಿ ಹಿಡಿಯಿರಿ. ಬೂದಿಮಣ್ಣು ಒಂದಿಷ್ಟು ಬಕೆಟ್ ನೀರಿಗೆ ಹಾಕಿ ಮೆಲ್ಲಗೆ ಕದಡಿ. ಸುಟ್ಟ ಕಾಳು ತೇಲಿ ಬರುತ್ತವೆ. ಸಂಗನಕಲ್ಲಿನಲ್ಲಿ ಹುರುಳಿ, ಹೆಸರು, ಕೊರಲೆ ಸಿಕ್ಕಿದ್ದು ಹೀಗೇ. ಸುಮಾರು 4000 ವರ್ಷದ ಹುರುಳಿ, ನಮ್ಮ ಮನೆ ಡಬ್ಬಿಯಲ್ಲಿರೋದೇ ಅಲ್ವಾ! ತೇಲಿದ್ದನ್ನು ತೆಳು ಬಟ್ಟೆಯಲ್ಲಿ ಸೋಸಿ, ಗಂಟು ಕಟ್ಟಿ ನೆರಳಲ್ಲಿ ನೇತುಹಾಕಿ. ಬಿಸಿಲಿಗಿಟ್ಟರೆ ಕಾಳು ಬಿರಿದು ಪುಡಿಯಾಗುತ್ತವೆ.