ಎನಮ್ ಒಳಗಿನ ಗುಟ್ಟಿನ ಹೆಸರು: ಟೈಪ್ ಚೆಕರ್ ಹೇಗೆ ನೋಡುತ್ತದೆ?

ಕೋಲಾರದ ಮಂಡಿಯಲ್ಲಿ ಟೊಮೆಟೊ ಲೆಕ್ಕವೆಲ್ಲ 15 ಕೆ.ಜಿ. ಪೆಟ್ಟಿಗೆಯದು. ಆ ಲೆಕ್ಕಕ್ಕೆ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯುವಾಗ ಹಣ್ಣಿನ ಹದಕ್ಕೊಂದು ಎನಮ್ (ಇಷ್ಟೇ ಎಂದು ಗೊತ್ತಿರುವ ಬೆಲೆಗಳ ಹೆಸರುಪಟ್ಟಿ; ಅದರ ಒಂದೊಂದೂ ‘ಸದಸ್ಯ’) ಮಾಡಿ, ಪೆಟ್ಟಿಗೆಯ ತೂಕವನ್ನೂ ಅದರೊಳಗೇ ಇಟ್ಟರೆ ಪ್ರಶ್ನೆ ಏಳುತ್ತದೆ: ಈ 15 ಕೂಡ ಒಂದು ಹದವೇ? ಅದನ್ನು ತೀರ್ಮಾನಿಸುವುದು ಹೆಸರಿನ ಮೊದಲಲ್ಲಿರುವ ಅಂಡರ್‌ಸ್ಕೋರ್ (_ ಗುರುತು). ಮೊದಲಲ್ಲಿ ಅಂಥ ಎರಡು ಇರುವುದೇ ಗುಟ್ಟಿನ ಹೆಸರು.

ಬೇಕಾಗುವುದು ಪೈಥಾನ್ 3.11 ಅಥವಾ ಅದರ ನಂತರದ ಆವೃತ್ತಿ. ಜತೆಗೆ ಪಿಪ್ ಮೂಲಕ ಮೈಪೈ, ಪೈರೈಟ್ ಎಂಬ ಎರಡು ಟೈಪ್ ಚೆಕರ್‌ಗಳನ್ನೂ (ಪ್ರೋಗ್ರಾಂ ಓಡಿಸದೆಯೇ ಟೈಪ್‌ನ ತಪ್ಪು ಹಿಡಿಯುವ ಉಪಕರಣಗಳು) ಹಾಕಿಕೊಳ್ಳಿ. ‘ಹದ’ ಎಂಬ ಹೆಸರಿನ ಎನಮ್ ಕ್ಲಾಸ್ ತೆರೆದು ಈ ನಾಲ್ಕು ಸಾಲು ಬರೆಯಿರಿ:

ಕಾಯಿ = 1
ದೋರೆ = 2
ಹಣ್ಣು = 3
__ತೂಕ = 15

ಕನ್ನಡ ಹೆಸರುಗಳನ್ನು ಪೈಥಾನ್ ಒಪ್ಪುತ್ತದೆ. ಆದರೆ ಅಕ್ಷರ ಬಿಡಿಸಲು ಕೀಬೋರ್ಡ್ ತೂರಿಸುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ (ZWNJ) ಗುರುತು ಹೆಸರಿನೊಳಗೆ ಸೇರಿದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಸಾಲು ಎಷ್ಟು ದಿಟ್ಟಿಸಿದರೂ ತಪ್ಪು ಸಿಗುವುದಿಲ್ಲ. ಹೆಸರನ್ನೇ ಬದಲಿಸುವುದು ಮೇಲು.

ಈಗ ಕ್ಲಾಸಿನ ಒಳಗೆ ‘ಒಟ್ಟು’ ಎಂಬ ಮೆಥಡ್ ಬರೆದು, ತಾನು.__ತೂಕ * ಪೆಟ್ಟಿಗೆ ಎಂದು ವಾಪಸ್ ಕೊಡಿ. (ಸೆಲ್ಫ್ ಬದಲು ‘ತಾನು’ ಎಂದರೂ ಪೈಥಾನ್‌ಗೆ ತಕರಾರಿಲ್ಲ.) ಪೆಟ್ಟಿಗೆ ಇಂಟ್ ಎಂದು ಟೈಪ್ ಬರೆಯುವುದನ್ನು ಬಿಡಬೇಡಿ. ಟೈಪ್ ಬರೆಯದ ಫಂಕ್ಷನ್‌ನ ಒಳಗನ್ನು ಮೈಪೈ ತಾನಾಗಿ ಪರೀಕ್ಷಿಸುವುದಿಲ್ಲ. ಚೆಕರ್ ಸುಮ್ಮನಿದೆ, ಎಲ್ಲ ಸರಿಯಿದೆ ಎಂದುಕೊಂಡು ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ.

ಅದೇ ಮೆಥಡ್‌ನಲ್ಲಿ ತಾನು.__ತೂಕ ಎಂಬುದನ್ನು ರಿವೀಲ್ ಟೈಪ್‌ಗೆ (reveal_type, ಚೆಕರ್ ಕಂಡ ಟೈಪ್ ತೋರಿಸುವ ಸಾಲು) ಕೊಟ್ಟು ಎರಡೂ ಚೆಕರ್ ಓಡಿಸಿ. ಉತ್ತರ ಇಂಟ್ ಎಂದು ಬಂದರೆ ಅದು ಸದಸ್ಯನಲ್ಲ, ಬರೀ ಸಂಖ್ಯೆ. ಟೈಪಿಂಗ್ ನಿಯಮವೂ ಇದನ್ನೇ ಹೇಳುತ್ತದೆ: ಎರಡು ಅಂಡರ್‌ಸ್ಕೋರ್‌ನಿಂದ ಶುರುವಾಗಿ, ಎರಡು ಅಂಡರ್‌ಸ್ಕೋರ್‌ನಲ್ಲಿ ಮುಗಿಯದ ಹೆಸರು ಎನಮ್‌ನ ಸದಸ್ಯನಲ್ಲ. ಓಡುವ ಹೊತ್ತಿನಲ್ಲಿ ಪೈಥಾನ್ ಈ ಹೆಸರನ್ನು _ಹದ__ತೂಕ ಎಂದು ತಿರುಚಿಡುತ್ತದೆ. ಹಾಗಾಗಿ ಕ್ಲಾಸಿನ ಹೊರಗೆ ನಿಂತು ಹದ.__ತೂಕ ಎಂದು ಕೇಳಿದರೆ ಸಿಗುವುದು ಆಟ್ರಿಬ್ಯೂಟ್ ಎರರ್ ಮಾತ್ರ. ಪೈರೈಟ್‌ನ ಸ್ಟ್ರಿಕ್ಟ್ ಮೋಡ್ ಇದನ್ನು ಮೊದಲೇ ಎತ್ತಿ ತೋರಿಸುತ್ತದೆ.

ನಿಜವಾದ ಪರೀಕ್ಷೆ, ಬೆಲೆಗೊಂದು ಕೇಸ್ ಬರೆಯುವ ಮ್ಯಾಚ್‌ನಲ್ಲಿ. ಕಾಯಿ, ದೋರೆ, ಹಣ್ಣು ಮೂರಕ್ಕೂ ಕೇಸ್ ಬರೆದು, ಉಳಿದದ್ದಕ್ಕೆ ಅಸರ್ಟ್ ನೆವರ್ (assert_never, ಇಲ್ಲಿಗೆ ಯಾವುದೂ ತಲುಪಬಾರದು ಎಂಬ ಸಾಲು) ಹಾಕಿ. ಚೆಕರ್ ಮಾತಿಲ್ಲದೆ ಒಪ್ಪಬೇಕು. ಈಗ ಒಂದೇ ಒಂದು ಅಂಡರ್‌ಸ್ಕೋರ್ ಅಳಿಸಿ, _ತೂಕ ಮಾಡಿ ಮತ್ತೆ ಓಡಿಸಿ. ನಾಲ್ಕನೆಯ ಸದಸ್ಯ ಬಾಕಿ ಇದ್ದಾನೆ ಎಂದು ಚೆಕರ್ ಅಸರ್ಟ್ ನೆವರ್ ಸಾಲಿನಲ್ಲೇ ತಡೆಯುತ್ತದೆ, ಗುಣಾಕಾರಕ್ಕೂ ಆಕ್ಷೇಪ ಎತ್ತುತ್ತದೆ. ಬೇರೆ ಕ್ಲಾಸುಗಳಲ್ಲಿ ಒಂದು ಅಂಡರ್‌ಸ್ಕೋರ್ ಎಂದರೆ ‘ಒಳಬಳಕೆಗೆ’ ಎಂಬ ವಾಡಿಕೆ. ಎನಮ್‌ನಲ್ಲಿ ಆ ವಾಡಿಕೆಗೆ ಬೆಲೆಯಿಲ್ಲ. ಎರಡೂ ತುದಿಗೆ ಒಂದೊಂದು ಹಾಕಿ _ತೂಕ_ ಎಂದರಂತೂ ಆ ಬಗೆಯ ಹೆಸರು ಎನಮ್‌ಗೇ ಮೀಸಲು ಎಂದು ಪೈಥಾನ್ ವ್ಯಾಲ್ಯೂ ಎರರ್ ಕೊಡುತ್ತದೆ.

ಇದಕ್ಕಿಂತ ಕೆಟ್ಟ ತಪ್ಪು ಇನ್ನೊಂದಿದೆ. ಸುಂಕಕ್ಕೆಂದು _ಸುಂಕ = 2 ಎಂದು ಬರೆದಿರಿ ಎನ್ನಿ. 2 ಆಗಲೇ ದೋರೆಯ ಬೆಲೆ. ಹಾಗಾಗಿ _ಸುಂಕ ಬೇರೆ ಸದಸ್ಯನಾಗದೆ ದೋರೆಯ ಅಡ್ಡಹೆಸರಾಗಿಬಿಡುತ್ತದೆ. ಹದಗಳನ್ನು ಲಿಸ್ಟ್ ಮಾಡಿ ಮುದ್ರಿಸಿದರೆ ಮೂರೇ ಕಾಣುತ್ತವೆ, ತಪ್ಪು ಅಡಗಿಯೇ ಇರುತ್ತದೆ. ಎನಮ್‌ನ __ಮೆಂಬರ್ಸ್__ (__members__) ಮುದ್ರಿಸಿ ನೋಡಿ, ಅಲ್ಲಿ ಅಡ್ಡಹೆಸರುಗಳೂ ಬರುತ್ತವೆ.

ಸದಸ್ಯರಿಗೆ ಟೈಪ್ ಅಂಟಿಸುವುದು, ಅಂದರೆ ಕಾಯಿ ಇಂಟ್ ಎಂದು ಬರೆದು 1 ಕೊಡುವುದು ಬೇಡ. ಪೈಥಾನ್ ಓಡಿಸುತ್ತದೆ, ಚೆಕರ್‌ಗಳು ಒಪ್ಪುವುದಿಲ್ಲ. ತೂಕವನ್ನು ಹೊರಗಿನವರೂ ಓದಬೇಕಿದ್ದರೆ ಅಂಡರ್‌ಸ್ಕೋರ್ ಬಿಟ್ಟು, 3.11ರಲ್ಲಿ ಬಂದ ನಾನ್‌ಮೆಂಬರ್‌ನಲ್ಲಿ (nonmember, ಇದು ಸದಸ್ಯನಲ್ಲ ಎಂದು ಹೇಳುವುದು) 15 ಅನ್ನು ಸುತ್ತಿಡಿ. ಓದಿದಾಗ ಬರೀ 15 ಸಿಗುತ್ತದೆ.

ಆವೃತ್ತಿಯ ವಿಷಯಕ್ಕೆ ಮಾತ್ರ ಚೆಕರ್ ಅನ್ನು ನಂಬಿ ಕೂರಬೇಡಿ. ಪೈಥಾನ್ 3.10ರವರೆಗೆ __ತೂಕ ಕೂಡ ಸದಸ್ಯನೇ ಆಗುತ್ತಿತ್ತು, 3.10 ಎಚ್ಚರಿಕೆ ಕೊಟ್ಟರೂ ಸದಸ್ಯ ಮಾಡಿಯೇ ತೀರುತ್ತದೆ. ಟೈಪಿಂಗ್ ನಿಯಮದಲ್ಲಿ ಈ ಆವೃತ್ತಿ ಭೇದವಿಲ್ಲ. ಚೆಕರ್‌ನಲ್ಲಿ ಪಾಸಾದ ಅದೇ ಗುಣಾಕಾರ ಹಳೆಯ ಯಂತ್ರದಲ್ಲಿ ಟೈಪ್ ಎರರ್ ಆಗಿ ಬೀಳುವುದು ಹೀಗೆ. ಮಂಡಿಯ ಕಂಪ್ಯೂಟರ್‌ನಲ್ಲಿ ಇನ್ನೂ 3.10 ಇದ್ದರೆ ಗುಟ್ಟಿನ ಹೆಸರಿನ ಆಸೆ ಬಿಟ್ಟು, ತೂಕದ ಸಾಲನ್ನು ಕ್ಲಾಸಿನ ಮೇಲೆ, ಹೊರಗೇ ಬರೆಯಿರಿ.