ಲೇಹ್ಯದ ಜೊತೆ ಬಾಣಂತಿಗೆ ಇನ್ನೇನು ಬೇಕು?

ಉಡುಪಿ ಕಡೆಯ ಮನೆಗಳಲ್ಲಿ ಹೆರಿಗೆಯ ದಿನ ಹತ್ತಿರ ಬಂತೆಂದರೆ ಲೇಹ್ಯ ಕಾಯಿಸಿ, ಬಚ್ಚಲ ಹಂಡೆ ತೊಳೆದಿಟ್ಟಾಗಿರುತ್ತದೆ. ಅಕ್ಕನ ಬಾಣಂತನದಲ್ಲಿ ಅಮ್ಮ ಇದರಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಆದರೂ ಐದನೇ ದಿನ ಅಕ್ಕ ಬಚ್ಚಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. "ಅಳಬೇಡ, ಹಾಲು ಬತ್ತುತ್ತದೆ" ಎಂದೆವು. ಯಾಕೆ ಅಂತ ನಾವ್ಯಾರೂ ಕೇಳಲಿಲ್ಲ.

ಮೊದಲು ನೀರು

ನೀರು ಕುಡಿದರೆ ಬಾಣಂತಿಗೆ ಹೊಟ್ಟೆ ಬರುತ್ತದೆ ಎಂಬ ಮಾತನ್ನು ದಯವಿಟ್ಟು ಬಿಡಿ. ನೀರು ಸಾಲದಿದ್ದರೆ ಮಲಬದ್ಧತೆ, ಉರಿಮೂತ್ರ. ಹೊಲಿಗೆ ಬಿದ್ದವಳಿಗೆ ಅದು ಪ್ರಾಣಸಂಕಟ. ಹಾಲೂಡಿಸಲು ಕೂತಾಗಲೆಲ್ಲ ಪಕ್ಕದಲ್ಲಿ ಒಂದು ಲೋಟ ಜೀರಿಗೆ ನೀರು ಇಡಿ. ಕುಚ್ಚಲಕ್ಕಿ ಗಂಜಿ, ಮೆಂತೆಯ ಜೊತೆ ಬಸಳೆ, ತೊವ್ವೆ, ತಿನ್ನುವವರಾದರೆ ಬೂತಾಯಿ ಮೀನಿನ ಸಾರೂ ಇರಲಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ 180 ದಿನ ಬೇಕು, ಎರಡನ್ನೂ ಒಟ್ಟಿಗೆ ನುಂಗಬಾರದು.

ಮೀಯಿಸುವಾಗ, ಏಳುವಾಗ

ಸಿಸೇರಿಯನ್ ಆಗಿದ್ದರೆ ವೈದ್ಯರು ಒಪ್ಪುವವರೆಗೆ ಹೊಟ್ಟೆಗೆ ಎಣ್ಣೆ ತಿಕ್ಕುವುದು, ಬಿಸಿನೀರು ಎರಚುವುದು ಬೇಡ. ಮೀಯಿಸಲು ಬರುವವರಿಗೆ ಮೊದಲೇ ಹೇಳಿಬಿಡಿ. ಏಳುವಾಗ ಮಗ್ಗುಲಾಗಿ, ಕೈಯೂರಿ ಏಳಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಲೇಬೇಡಿ, ಅದರ ವಿಷಾನಿಲ ತಾಯಿ ಮಗು ಇಬ್ಬರಿಗೂ ಅಪಾಯ. ದಿನವಿಡೀ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಚಾವಡಿಯಲ್ಲಿ ನಾಲ್ಕು ಹೆಜ್ಜೆ ನಡೆಯಲಿ.

ರಕ್ತಸ್ರಾವ ಕ್ರಮೇಣ ತಿಳಿಯಾಗಿ 4ರಿಂದ 6 ವಾರದಲ್ಲಿ ನಿಲ್ಲುತ್ತದೆ. ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆದರೆ, 100.4 ಡಿಗ್ರಿ ಜ್ವರ ಬಂದರೆ, ಒಂದೇ ಮೀನಖಂಡ ಊದಿ ನೋವಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ಕಷಾಯ ಕಾಯಿಸುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ. ಮಂಗಳೂರಿನಲ್ಲಿ ಲೇಡಿಗೋಷನ್ ಸರ್ಕಾರಿ ಹೆರಿಗೆ ಆಸ್ಪತ್ರೆಯೂ ಇದೆ.

ಅಳು ಬಂದಾಗ

ಹೆರಿಗೆಯಾದ ಕೂಡಲೇ ಹಾರ್ಮೋನುಗಳು ದಿಢೀರನೆ ಇಳಿಯುತ್ತವೆ. ಮೇಲೆ ನಿದ್ದೆಗೇಡು. ಎರಡು ಮೂರನೇ ದಿನದಿಂದ ಅಳು, ಸಿಡುಕು ಶುರುವಾಗಿ ಸಾಮಾನ್ಯವಾಗಿ ಎರಡು ವಾರದೊಳಗೆ ತಗ್ಗುತ್ತದೆ. ಆಗ ಬುದ್ಧಿಮಾತು ಬೇಡ, ನಿದ್ದೆ ಕೊಡಿ. ಹಾಲೂಡಿಸಿದ ಮೇಲೆ ತೇಗಿಸುವುದು, ಬಟ್ಟೆ ಬದಲಿಸುವುದು ಗಂಡನ ಕೆಲಸವಾಗಲಿ. ಹೆರಿಗೆಕೋಣೆಯಲ್ಲಿ ಏನಾಯಿತೆಂದು ಅವಳು ಹತ್ತು ಸಲ ಹೇಳಿದರೂ ಕೇಳಿ. "ಮಗು ಕಪ್ಪು", "ಹಾಲು ಸಾಲದು" ಎನ್ನುವ ನೆಂಟರನ್ನು ಜಗಲಿಯಲ್ಲೇ ಕಾಫಿ ಕೊಟ್ಟು ಕಳಿಸಿ.

ಎರಡು ವಾರ ದಾಟಿದರೂ ಮಂಕು ಹೋಗದಿದ್ದರೆ, ಮಗು ಮಲಗಿದರೂ ಅವಳಿಗೆ ನಿದ್ದೆ ಹತ್ತದಿದ್ದರೆ ಅದು ಖಿನ್ನತೆ ಇರಬಹುದು. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳಿವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ, ಇಲ್ಲದ ದನಿ ಕೇಳಿಸುತ್ತದೆ ಎಂದರೆ ಒಬ್ಬಳನ್ನೇ ಬಿಡದೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಆಶಾ ಕಾರ್ಯಕರ್ತೆ 42ನೇ ದಿನದವರೆಗೆ ಆಗಾಗ ಮನೆಗೆ ಬರುತ್ತಾರೆ. ಮಗುವಿನ ತೂಕ ನೋಡಿದ ಮೇಲೆ ಅವರನ್ನು ಬಾಣಂತಿಯ ಹತ್ತಿರ ಐದು ನಿಮಿಷ ಕೂರಿಸಿ, ಉಳಿದವರು ಹೊರಗಿರಿ.